ನಮ್ಮ ಸೀಮೆಯ ರಾಷ್ಟ್ರಪತಿ ನೀಲಂ ಸಂಜೀವ ರೆಡ್ಡಿ

ನಮ್ಮ ಅನಂತಪುರ ಸೀಮೆಯವರೊಬ್ಬರು ರಾಷ್ಟ್ರಪತಿ ಆಗಿದ್ರು ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಅವರ ಬಾಳಿನ ಎರಡು ದೊಡ್ಡ ಘಟ್ಟಗಳಲ್ಲಿ ಬಾಬು ಜಗಜೀವನರಾಮ್ ಎದುರಿಗಿದ್ದರು ಎಂಬುದು ನಮ್ಮ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ.

ಸಂಜೀವ ರೆಡ್ಡಿ ಹುಟ್ಟಿದ್ದು 1913ರ ಮೇ 19ರಂದು, ಇಲ್ಲೂರಿನಲ್ಲಿ. ಅನಂತಪುರದಲ್ಲಿ ಕಾಲೇಜು ಓದೋದು ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಇಳಿದರು, ಜೈಲು ಕಂಡರು. 1956ರಲ್ಲಿ ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿಯಾದರು, 1967ರಲ್ಲಿ ಲೋಕಸಭೆಯ ಸ್ಪೀಕರ್.

1969ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ನಿಜಲಿಂಗಪ್ಪ, ಕಾಮರಾಜ್ ಮೊದಲಾದ ಕಾಂಗ್ರೆಸ್ ಹಿರಿಯರದ್ದು ದೂರದ ಲೆಕ್ಕ. ಪ್ರಧಾನಿಯನ್ನು ನೇಮಿಸುವವರು ರಾಷ್ಟ್ರಪತಿ. ಆ ಕುರ್ಚಿಯಲ್ಲಿ ತಮ್ಮವರಿದ್ದರೆ ಇಂದಿರಾ ಗಾಂಧಿಯವರನ್ನು ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ಇಂದಿರಾಗೂ ಇದು ತಿಳಿದಿತ್ತು. ಜುಲೈನಲ್ಲಿ ಬೆಂಗಳೂರಿನ ಸಭೆಯಲ್ಲಿ ಅವರು ಜಗಜೀವನರಾಮ್ ಹೆಸರು ಮುಂದಿಟ್ಟರು. ಗಾಂಧೀಜಿ ಶತಾಬ್ದಿ ವರ್ಷದಲ್ಲಿ ದಲಿತರೊಬ್ಬರನ್ನ ಬೇಡ ಅನ್ನೋದು ಸುಲಭ ಅಲ್ಲ. ಆದರೂ ಬಹುಮತ ರೆಡ್ಡಿಯವರ ಕಡೆಗೇ ಹೋಯಿತು.

ಇಂದಿರಾ ನಾಮಪತ್ರಕ್ಕೇನೋ ಸಹಿ ಹಾಕಿದರು, ಆದರೆ ಸುಮ್ಮನೆ ಕೂರಲಿಲ್ಲ. 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿ ಜನರ ಮನಸ್ಸು ಗೆದ್ದರು. ನಿಜಲಿಂಗಪ್ಪ ಎರಡನೇ ಪ್ರಾಶಸ್ತ್ಯದ ಮತ ಕೇಳಲು ಜನಸಂಘ, ಸ್ವತಂತ್ರ ಪಕ್ಷದವರ ಹತ್ತಿರ ಹೋಗಿದ್ದೇ ಅಸ್ತ್ರವಾಯಿತು. ಆತ್ಮಸಾಕ್ಷಿಯಂತೆ ಮತ ಹಾಕಿ ಅಂತ ಕರೆ ಕೊಟ್ಟರು. ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧ ದಾಟಲಿಲ್ಲ. ಎರಡನೇ ಪ್ರಾಶಸ್ತ್ಯ ಸೇರಿಸಿದಾಗ ವಿ.ವಿ. ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಅದೇ ವರ್ಷ ಕಾಂಗ್ರೆಸ್ ಒಡೆದು ಎರಡಾಯಿತು.

ಮುಂದೆ 1971ರ ಚುನಾವಣೆಯಲ್ಲೂ ಸೋತು ಊರಿಗೆ ಬಂದು ಬೇಸಾಯಕ್ಕೆ ಕೂತರು. ಕತೆ ಮುಗೀತು ಅಂದ್ಕೊಂಡವರೇ ಹೆಚ್ಚು. 1977ರಲ್ಲಿ ಆಂಧ್ರದ 42 ಸ್ಥಾನದಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು ಒಂದೇ ಒಂದು, ನಂದ್ಯಾಲದಲ್ಲಿ ರೆಡ್ಡಿಯವರದ್ದು. ಅದೇ ಜುಲೈನಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು.

1979ರಲ್ಲಿ ಮೊರಾರ್ಜಿ ಸರ್ಕಾರ ಬಿತ್ತು. ನಂತರ ಬಂದ ಚರಣ್ ಸಿಂಗ್ ಲೋಕಸಭೆಯನ್ನು ಎದುರಿಸದೆಯೇ ರಾಜೀನಾಮೆ ಕೊಟ್ಟರು. ಆಗ ಜನತಾ ಪಕ್ಷದ ನಾಯಕ ಜಗಜೀವನರಾಮ್. ಸರ್ಕಾರ ಮಾಡಲು ನಮಗೂ ಅವಕಾಶ ಬೇಕು ಎಂದರು. ರೆಡ್ಡಿಯವರು ಕರೆಯಲಿಲ್ಲ. ಆಗಸ್ಟ್ 22ರಂದು ಲೋಕಸಭೆಯನ್ನು ವಿಸರ್ಜಿಸಿದರು. ಅದು ಸರಿಯೋ ತಪ್ಪೋ ಎಂಬ ವಾದ ಆಗಲೇ ಎದ್ದಿತು, ಇನ್ನೂ ಮುಗಿದಿಲ್ಲ. ದಲಿತರೊಬ್ಬರಿಗೆ ಪ್ರಧಾನಿ ಕುರ್ಚಿ ಅಷ್ಟು ಹತ್ತಿರ ಬಂದು ತಪ್ಪಿಹೋಯಿತು ಅನ್ನೋದಂತೂ ನಿಜ. ಹತ್ತು ವರ್ಷದ ಹಿಂದೆ ಆ ಹಿರಿಯರು ಹಾಕಿದ್ದ ಲೆಕ್ಕ ನಿಜವಾಯಿತು, ಆದರೆ ಪೆಟ್ಟು ಬಿದ್ದಿದ್ದು ಇಂದಿರಾಗಲ್ಲ.

1982ರಲ್ಲಿ ನಿವೃತ್ತರಾದ ರೆಡ್ಡಿಯವರು 1996ರ ಜೂನ್ 1ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ರಾಷ್ಟ್ರಪತಿ ಅಂದ್ರೆ ಬರೀ ಸಹಿ ಹಾಕೋರು ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಅವರನ್ನು ಆರಿಸೋದು ನಾವು ಗೆಲ್ಲಿಸಿದ ಶಾಸಕರು, ಸಂಸದರೇ. ನಮ್ಮ ಊರಿನ ಓಟು ಅಲ್ಲಿವರೆಗೂ ಹೋಗುತ್ತೆ ಅನ್ನೋದನ್ನ ನಮ್ಮ ಯುವಕರು ಮರೀಬಾರದು.