ಕೈಕೆಲಸಕ್ಕೆ ಬೆಲೆ ತಂದ ಕಮಲಾದೇವಿ ಚಟ್ಟೋಪಾಧ್ಯಾಯ

ಮಂಗಳೂರಿನ ಅನುಕೂಲಸ್ಥ ಸಾರಸ್ವತ ಮನೆತನವೊಂದರಲ್ಲಿ 1903ರ ಏಪ್ರಿಲ್ 3ರಂದು ಕಮಲಾದೇವಿಯವರು ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಬ್ರಿಟಿಷ್ ಆಡಳಿತದಲ್ಲಿ ಉನ್ನತ ಅಧಿಕಾರಿಗಳು. ತಾಯಿ ಗಿರಿಜಾಬಾಯಿಯವರು ಓದಿನಲ್ಲಿ ಅಭಿರುಚಿಯುಳ್ಳ ಸ್ವಾಭಿಮಾನಿ ಗೃಹಿಣಿ. ಮನೆಮಾತು ಕೊಂಕಣಿ, ಸುತ್ತಲಿನ ಮಾತು ತುಳು ಮತ್ತು ಕನ್ನಡ. ಮನೆಯಲ್ಲೊಂದು, ಬೀದಿಯಲ್ಲೊಂದು, ಶಾಲೆಯಲ್ಲೊಂದು ಭಾಷೆಯಾಡುತ್ತ ಬೆಳೆಯುವುದು ಕವಲಾಪುರದ ಕಡೆಯ ನಮ್ಮ ಮಕ್ಕಳಿಗೆ ಹೊಸದಲ್ಲವಾದ್ದರಿಂದ ಈ ಮಾತನ್ನು ಮೊದಲಿಗೇ ಹೇಳಿದೆವು.

ಏಳನೆಯ ವಯಸ್ಸಿನಲ್ಲಿ ಅವರು ತಂದೆಯನ್ನು ಕಳೆದುಕೊಂಡರು. ಮರಣಪತ್ರವಿರಲಿಲ್ಲ. ಅಂದಿನ ನಿಯಮದಂತೆ ಆಸ್ತಿಯೆಲ್ಲ ತಂದೆಯ ಮೊದಲ ಪತ್ನಿಯ ಮಗನ ಪಾಲಾಯಿತು. ಗಿರಿಜಾಬಾಯಿಯವರಿಗೆ ಉಳಿದುದು ತಿಂಗಳ ಜೀವನಾಂಶ ಮಾತ್ರ. ಆ ತಾಯಿ ಅದನ್ನು ಮುಟ್ಟಲಿಲ್ಲ. ತವರಿನಿಂದ ತಮಗೆ ಬಂದಿದ್ದ ಸ್ವತ್ತನ್ನೇ ನಂಬಿ ಮಕ್ಕಳನ್ನು ಸಾಕಲು ಮುಂದಾದರು. ಕಮಲಾದೇವಿಯವರ ಮುಂದಿನ ಬದುಕನ್ನು ಓದುವಾಗ ನಮಗೆ ಮತ್ತೆ ಮತ್ತೆ ನೆನಪಾಗುವುದು ಈ ಪ್ರಸಂಗವೇ. ತನ್ನದೆಂಬ ನಾಲ್ಕು ಕಾಸಿಲ್ಲದಿದ್ದರೆ ದೊಡ್ಡ ಮನೆಯ ಯಜಮಾನಿಯೂ ಕೈಯೊಡ್ಡಿ ನಿಲ್ಲಬೇಕಾಗುತ್ತದೆ ಎಂಬುದನ್ನು ಆ ಬಾಲಕಿ ಪುಸ್ತಕದಿಂದ ಕಲಿಯಬೇಕಾಗಲಿಲ್ಲ.

ಹದಿನಾಲ್ಕನೆಯ ವಯಸ್ಸಿಗೆ ಮದುವೆ, ಎರಡು ವರ್ಷಗಳಲ್ಲಿ ವೈಧವ್ಯ. ಆ ಕಾಲದ ಅನೇಕ ಬಾಲವಿಧವೆಯರ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಇವರು ಮದ್ರಾಸಿಗೆ ಹೋಗಿ ಕ್ವೀನ್ ಮೇರಿ ಕಾಲೇಜು ಸೇರಿದರು. ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮರುಮದುವೆಯಾದರು. ಒಬ್ಬ ಮಗ ಹುಟ್ಟಿದ. ದಾಂಪತ್ಯ ಸಾಗದಾದಾಗ ವಿಚ್ಛೇದನ ಪಡೆದುದೂ ಆ ದಿನಗಳಲ್ಲಿ ಸಣ್ಣ ಧೈರ್ಯವಲ್ಲ.

ಅವರ ರಾಜಕೀಯ ಜೀವನವನ್ನು ಇಲ್ಲಿ ಸಂಕ್ಷೇಪವಾಗಿಯಷ್ಟೇ ಹೇಳುತ್ತೇವೆ. 1926ರಲ್ಲಿ ಮದ್ರಾಸ್ ಪ್ರಾಂತೀಯ ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. ಹೆಣ್ಣೊಬ್ಬಳು ಚುನಾವಣೆಗೆ ನಿಂತುದೇ ಆಗ ದೊಡ್ಡ ಸುದ್ದಿ. ಮರುವರ್ಷ ನಮ್ಮ ಪುಣೆಯಲ್ಲಿ ಮೊದಲ ಅಧಿವೇಶನ ನಡೆಸಿದ ಅಖಿಲ ಭಾರತ ಮಹಿಳಾ ಪರಿಷತ್ತನ್ನು ಊರೂರು ತಿರುಗಿ ಕಟ್ಟಿದವರಲ್ಲಿ ಅವರು ಪ್ರಮುಖರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸ್ತ್ರೀಯರಿಗೂ ಸ್ಥಾನವಿರಬೇಕೆಂದು ಗಾಂಧೀಜಿಯವರಲ್ಲಿ ವಾದಿಸಿದರು, ಮುಂಬಯಿಯಲ್ಲಿ ಕಾನೂನು ಮುರಿದು ಉಪ್ಪು ಮಾರಿದರು, ಸೆರೆಮನೆ ಸೇರಿದರು. ಇವೆಲ್ಲದರ ನಡುವೆ 'ಮೃಚ್ಛಕಟಿಕ' ಎಂಬ ಮೂಕಿಚಿತ್ರದಲ್ಲಿ ಅಭಿನಯಿಸಿದರೆಂದರೆ ಇಂದಿನ ವಿದ್ಯಾರ್ಥಿನಿಯರು ನಂಬಲಾರರೇನೋ!

ಸ್ವಾತಂತ್ರ್ಯ ಬಂದಾಗ ಅಧಿಕಾರದ ಹಾದಿ ಅವರ ಮುಂದೆ ತೆರೆದೇ ಇತ್ತು. ಅವರು ಹೋದುದು ನಿರಾಶ್ರಿತರ ಶಿಬಿರಗಳಿಗೆ. ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡು ದೆಹಲಿಯ ಸುತ್ತ ಡೇರೆಗಳಲ್ಲಿ ಬಿದ್ದಿದ್ದ ಸಾವಿರಾರು ಕುಟುಂಬಗಳಲ್ಲಿ ಗಂಡಸರ ಆಸರೆಯಿಲ್ಲದ ಹೆಂಗಸರು ಬಹಳ ಮಂದಿ. ದಾನದ ಅನ್ನ ಎಷ್ಟು ದಿನ? 1948ರಲ್ಲಿ ಕಮಲಾದೇವಿಯವರು ಭಾರತೀಯ ಸಹಕಾರಿ ಒಕ್ಕೂಟವನ್ನು ಸ್ಥಾಪಿಸಿದರು. ಫರೀದಾಬಾದ್ ಎಂಬ ಹೊಸ ಊರು ವಾಯವ್ಯ ಗಡಿನಾಡಿನ ನಿರಾಶ್ರಿತರಿಗಾಗಿ ಎದ್ದು ನಿಂತುದರ ಹಿಂದೆ ಈ ಒಕ್ಕೂಟದ ಶ್ರಮವಿದೆ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ರೂಪುಗೊಂಡಾಗ ಅವರೇ ಅದರ ಅಧ್ಯಕ್ಷೆಯಾದರು. ನಷ್ಟದಲ್ಲಿದ್ದ ದೆಹಲಿಯ ಗುಡಿಕೈಗಾರಿಕಾ ಮಳಿಗೆಯ ಹೊಣೆಯೂ ಆ ಹೊತ್ತಿಗೆ ಅವರ ಒಕ್ಕೂಟದ ಮೇಲೆ ಬಿತ್ತು.

ಸಹಕಾರದ ಮರ್ಮವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಮನೆಯಲ್ಲಿ ಕುಳಿತು ಸೂಜಿ ಹಿಡಿಯುವ ಹೆಂಗಸಿಗೆ ಬಟ್ಟೆ, ದಾರ ಕೊಡುವವನು ದಲ್ಲಾಳಿ. ಕೂಲಿ ಗೊತ್ತುಮಾಡುವವನೂ ಅವನೇ. ಪೇಟೆಯ ಬೆಲೆ ಅವಳಿಗೆ ತಿಳಿಯದು. ಹತ್ತು ಜನ ಕೂಡಿ ಕಚ್ಚಾ ಸಾಮಗ್ರಿಯನ್ನು ಒಟ್ಟಾಗಿ ಕೊಂಡರೆ, ಕೆಲಸದ ಗುಣಮಟ್ಟವನ್ನು ತಾವೇ ನೋಡಿಕೊಂಡರೆ, ಕೊಳ್ಳುವವರ ಬಳಿಗೆ ಹೋಗುವ ದಾರಿ ತಮ್ಮದೇ ಆದರೆ, ದಲ್ಲಾಳಿಯ ಪಾಲು ದುಡಿದವಳ ಕೈಗೆ ಬರುತ್ತದೆ. ಕಮಲಾದೇವಿಯವರು ಬೇಡಿದುದು ಕನಿಕರವನ್ನಲ್ಲ. ವಸ್ತು ಚೆನ್ನಾಗಿರಬೇಕು, ಬೆಲೆ ನ್ಯಾಯವಾಗಿರಬೇಕು. ಈ ಎರಡರಲ್ಲೂ ಅವರು ನಿಷ್ಠುರರು.

ದೇಶದ ಮೂಲೆಮೂಲೆಗಳನ್ನು ಸುತ್ತಿ, ಮರೆಯಾಗುತ್ತಿದ್ದ ವಿದ್ಯೆಗಳನ್ನು ಬಲ್ಲ ಹಿರಿಯರನ್ನು ಹುಡುಕಿ, ಅವರ ಬಳಿಗೆ ಶಿಷ್ಯರನ್ನು ಕಳುಹಿಸಿದರು. ಶ್ರೀಕಾಳಹಸ್ತಿಯ ಕಲಂಕಾರಿಗೆ ಹೀಗೆಯೇ ಮರುಜೀವ ಬಂತು. ಬೆಂಗಳೂರು, ಮುಂಬಯಿ, ದೆಹಲಿ, ಕಲ್ಕತ್ತಗಳಲ್ಲಿ ಮಂಡಳಿಯ ವಿನ್ಯಾಸ ಕೇಂದ್ರಗಳು ತೆರೆದವು. ಭಾರತದ ಕಸೂತಿ ಕಲೆಗಳ ಬಗೆಗೆ ಅವರು ಒಂದು ಗ್ರಂಥವನ್ನೇ ಬರೆದರು.

ಕಸೂತಿಯೆಂದರೆ ನಮ್ಮ ಕಡೆಯ ಓದುಗರಿಗೆ ಧಾರವಾಡದ ನೆನಪಾಗದಿರದು. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆಗಳನ್ನು ಎಣಿಸಿಯೇ ಹಾಕುವ ಹೊಲಿಗೆ ಅದು. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆ. ಗವಂತಿ ಹಾಕಿದರೆ ಒಳಮೈ ಹೊರಮೈ ಎರಡೂ ಒಂದೇ ಸಮ. ಇಳಕಲ್ ಸೀರೆಯ ಸೆರಗಿನ ಮೇಲೆ ತೇರು, ಗೋಪುರ, ಆನೆ, ತುಳಸಿಕಟ್ಟೆ ಮೂಡಿಸಿದ ನಮ್ಮ ಅಜ್ಜಿಯಂದಿರಿಗೆ ಲೆಕ್ಕ ಬರುವುದಿಲ್ಲವೆಂದು ಹೇಳುತ್ತಿದ್ದವರು ಆ ಸೆರಗನ್ನು ಒಮ್ಮೆ ತಿರುವಿ ನೋಡಬೇಕಿತ್ತು. ಮಿರಜದ ತಂಬೂರಿ, ಸಿತಾರುಗಳಿಗೆ ಅಂಗಡಿಯುಂಟು, ಹೆಸರುಂಟು, ಬೆಲೆಯುಂಟು. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ನಮ್ಮ ಹೆಣ್ಣುಮಕ್ಕಳು ತಿಂಗಳುಗಟ್ಟಲೆ ಹೊಲಿಯುವ ಕೌದಿಯನ್ನು ಮಾತ್ರ ಬಿಡುವಿನ ಕೆಲಸವೆಂದು ಕರೆಯುವುದು ರೂಢಿ. ಬಡವರ ಮನೆಯಲ್ಲಿ ಹೆಣ್ಣಿಗೆ ಬಿಡುವು ಎಲ್ಲಿಂದ ಬಂತೆಂದು ನಾವಂತೂ ಕೇಳುತ್ತೇವೆ. ಅಂಥ ಕೆಲಸವನ್ನು ಕಲೆಯೆಂದೂ ದುಡಿಮೆಯೆಂದೂ ಏಕಕಾಲಕ್ಕೆ ಎಣಿಸುವಂತೆ ಮಾಡಿದುದು ಕಮಲಾದೇವಿಯವರ ನಿಜವಾದ ಸಾಧನೆ ಎಂಬುದು ನಮ್ಮ ಅಭಿಪ್ರಾಯ. ನಾಟಕ ಕ್ಷೇತ್ರದಲ್ಲಿ ಅವರು ಮಾಡಿದ ಕೆಲಸವೂ ಹಿರಿದೇ. ಅದಕ್ಕೆ ಬೇರೆಯೇ ಲೇಖನ ಬೇಕು.

1964ರಲ್ಲಿ ಭಾರತೀಯ ಕರಕುಶಲ ಪರಿಷತ್ತು ಹುಟ್ಟಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ವಿಶ್ವ ಕರಕುಶಲ ಪರಿಷತ್ತಿನ ಸ್ಥಾಪನೆಯಲ್ಲೂ ಅವರು ಪಾಲ್ಗೊಂಡರು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಸಂದವು. ಎಂಬತ್ತು ದಾಟಿದ ಮೇಲೆ ಆತ್ಮಕಥೆಯನ್ನು ಪ್ರಕಟಿಸಿದರು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ತೀರಿಕೊಂಡರು. ದೆಹಲಿಯ ಜನಪಥದಲ್ಲಿ ಗುಡಿಕೈಗಾರಿಕೆಯ ಮಳಿಗೆ ಇಂದಿಗೂ ಇದೆ. ಶಾಲಾ ಪ್ರವಾಸಕ್ಕೆ ದೆಹಲಿಗೆ ಹೋಗುವವರು ಕೆಂಪುಕೋಟೆಯ ಜೊತೆಗೆ ಅದನ್ನೂ ಮಕ್ಕಳಿಗೆ ತೋರಿಸಬಹುದು.