ವ್ಯಾಸಲೀನ್ ಕೊಟ್ಟ ಚೀಸ್‌ಬ್ರೋ: ಒಣ ಚರ್ಮಕ್ಕೆ ಈ ಜೆಲ್ಲಿ ನಿಜವಾಗಿ ಏನು ಮಾಡುತ್ತದೆ?

ವಯಸ್ಸು ಐವತ್ತು ದಾಟಿದ ಮೇಲೆ ಮೊಣಕಾಲಿನ ಕೆಳಗೆ ಚರ್ಮ ಬಿಳಿಚಿಕೊಂಡು ಹೊಟ್ಟು ಏಳುವುದು, ಸ್ನಾನ ಮಾಡಿ ಬಂದ ಸ್ವಲ್ಪ ಹೊತ್ತಿಗೇ ತುರಿಕೆ ಶುರುವಾಗುವುದು, ಹೊಸ ಕ್ರೀಮ್ ಹಚ್ಚಿದರೆ ಉರಿಯುವುದು ಬಹಳ ಮನೆಗಳಲ್ಲಿ ಕೇಳಿಬರುವ ದೂರು. ಅಂಗಡಿಗೆ ಹೋದರೆ ಸಾವಿರಾರು ರೂಪಾಯಿ ಬೆಲೆಯ ಮಾಯಿಶ್ಚರೈಸರ್‌ಗಳೂ ಸಿಗುತ್ತವೆ, ಅವುಗಳ ಪಕ್ಕದಲ್ಲೇ ಅಗ್ಗದ ಪೆಟ್ರೋಲಿಯಂ ಜೆಲ್ಲಿಯ ಡಬ್ಬಿಯೂ ಇರುತ್ತದೆ. ಈ ಡಬ್ಬಿಯ ಬಗ್ಗೆ ವಾಟ್ಸಾಪ್‌ನಲ್ಲಿ, ರೀಲ್ಸ್‌ನಲ್ಲಿ ಎರಡು ಬಗೆಯ ಮಾತು ಓಡಾಡುತ್ತಿದೆ. ಅದು ಪೆಟ್ರೋಲಿಯಂನಿಂದ ಬಂದದ್ದು, ಹಚ್ಚಿದರೆ ಕ್ಯಾನ್ಸರ್ ಬರುತ್ತದೆ, ಚರ್ಮಕ್ಕೆ ಉಸಿರು ಕಟ್ಟುತ್ತದೆ ಎನ್ನುವುದು ಒಂದು. ರಾತ್ರಿ ಮುಖಕ್ಕೆ ದಪ್ಪಗೆ ಬಳಿದುಕೊಂಡು ಮಲಗಿದರೆ ಸುಕ್ಕುಗಳೇ ಮಾಯ ಎನ್ನುವುದು ಇನ್ನೊಂದು.

ಎರಡನ್ನೂ ಪರಿಶೀಲಿಸಲು ಹೊರಟಾಗ, ಈ ಜೆಲ್ಲಿಯನ್ನು ಮೊದಲು ಮಾರಾಟಕ್ಕೆ ತಂದ ಮನುಷ್ಯನ ಜೀವನದಿಂದಲೇ ಆರಂಭಿಸುವುದು ಒಳ್ಳೆಯದೆಂದು ನಮಗೆ ಅನಿಸಿತು.

ರಾಬರ್ಟ್ ಆಗಸ್ಟಸ್ ಚೀಸ್‌ಬ್ರೋ ಹುಟ್ಟಿದ್ದು 1837ರ ಜನವರಿ 9ರಂದು, ಲಂಡನ್ನಿನಲ್ಲಿ. ತಂದೆ ತಾಯಿ ಅಮೆರಿಕದವರು. ಹುಡುಗ ಬೆಳೆದದ್ದು ನ್ಯೂಯಾರ್ಕ್‌ನಲ್ಲಿ. ರಸಾಯನಶಾಸ್ತ್ರ ಕಲಿತು, ದೀಪದ ಎಣ್ಣೆ ಶುದ್ಧೀಕರಿಸುವ ಕಸುಬಿಗೆ ಇಳಿದರು. 1859ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಎಂಬ ಊರಿನ ಬಳಿ ಎಡ್ವಿನ್ ಡ್ರೇಕ್ ಕೊರೆಸಿದ ಬಾವಿಯಲ್ಲಿ, ಸುಮಾರು 70 ಅಡಿ ಆಳದಲ್ಲಿ ಕಚ್ಚಾ ತೈಲ ಸಿಕ್ಕಿತು. ಹೀಗೆ ನೆಲದಿಂದ ಅಗ್ಗವಾಗಿ ತೈಲ ಬರತೊಡಗಿದರೆ ಹಳೆಯ ದೀಪದ ಎಣ್ಣೆಗೆ ಬೆಲೆ ಉಳಿಯುವುದಿಲ್ಲ. 22 ವರ್ಷದ ಚೀಸ್‌ಬ್ರೋ ಹೊಸ ದಾರಿ ಹುಡುಕಿಕೊಂಡು ಟೈಟಸ್‌ವಿಲ್‌ಗೇ ಹೋದರು.

ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ತೈಲವಲ್ಲ, ತೈಲದ ಜೊತೆ ಬರುತ್ತಿದ್ದ ಕೊಳೆ. ಬಾವಿಯ ಪಂಪಿನ ಸರಳುಗಳಿಗೆ ಕಪ್ಪಗಿನ, ಮೇಣದಂಥ ಜಿಗುಟು ಅಂಟಿಕೊಳ್ಳುತ್ತಿತ್ತು. ಕೆಲಸಗಾರರು ಅದನ್ನು ರಾಡ್ ವ್ಯಾಕ್ಸ್ ಎಂದು ಕರೆಯುತ್ತಿದ್ದರು. ಯಂತ್ರ ಕೆಟ್ಟು ನಿಲ್ಲುವುದಕ್ಕೆ ಅದೇ ಕಾರಣವಾಗುತ್ತಿದ್ದುದರಿಂದ ದಿನವೂ ಬೈದುಕೊಂಡು ಕೆರೆದು ತೆಗೆಯಬೇಕಿತ್ತು. ಆದರೆ ಅದೇ ಕೆಲಸಗಾರರು ಕೈ ಕೊಯ್ದುಕೊಂಡಾಗ, ಸುಟ್ಟುಕೊಂಡಾಗ ಆ ಜಿಗುಟನ್ನೇ ಗಾಯಕ್ಕೆ ಸವರಿಕೊಳ್ಳುತ್ತಿದ್ದರು. ಇದನ್ನು ಗಮನಿಸಿದ ಚೀಸ್‌ಬ್ರೋ ಸ್ವಲ್ಪ ಕೊಳೆಯನ್ನು ಕಟ್ಟಿಕೊಂಡು ನ್ಯೂಯಾರ್ಕ್‌ಗೆ ವಾಪಸಾದರು.

ಅದನ್ನು ಶುದ್ಧ ಮಾಡುವ ಪ್ರಯೋಗಗಳಲ್ಲಿ ಸುಮಾರು ಹತ್ತು ವರ್ಷ ಕಳೆಯಿತು. ತೈಲವನ್ನು ಬಟ್ಟಿ ಇಳಿಸಿದ ಮೇಲೆ ಉಳಿಯುವ ಗಟ್ಟಿ ಭಾಗವನ್ನು ಕಾಯಿಸಿ, ಮೂಳೆ ಸುಟ್ಟು ಮಾಡಿದ ಇದ್ದಿಲಿನ ಮೂಲಕ ಸೋಸುವುದು ಅವರು ಕಂಡುಕೊಂಡ ವಿಧಾನ. ಇದ್ದಿಲು ಬಣ್ಣವನ್ನೂ ವಾಸನೆಯನ್ನೂ ಹೀರಿಕೊಂಡು, ಕೆಳಗೆ ತಿಳಿಯಾದ ಜೆಲ್ಲಿ ಇಳಿಯುತ್ತಿತ್ತು. 1870ರಲ್ಲಿ ಬ್ರೂಕ್ಲಿನ್‌ನಲ್ಲಿ ಕಾರ್ಖಾನೆ ಶುರುವಾಯಿತು. 1872ರ ಜೂನ್‌ನಲ್ಲಿ ಪೇಟೆಂಟ್ ಸಿಕ್ಕಿತು. ಆ ಪೇಟೆಂಟ್ ಓದಿದರೆ ಸ್ವಲ್ಪ ನಗು ಬರುತ್ತದೆ. ಚರ್ಮದ ಆರೈಕೆ ಅಲ್ಲಿ ಒಂದು ಮೂಲೆಯ ವಿಷಯ. ತೊಗಲು ಹದ ಮಾಡುವುದು, ಯಂತ್ರಗಳಿಗೆ ಸವರುವುದು, ತಲೆಗೂದಲಿಗೆ ಹಚ್ಚುವುದು, ಇವುಗಳ ಸಾಲಿನಲ್ಲಿ ಬಿರುಕುಬಿಟ್ಟ ಕೈಗಳೂ ಸೇರಿವೆ.

ಕ್ಯಾನ್ಸರ್ ಮಾತಿಗೆ ಉತ್ತರ ಈ ಸೋಸುವ ಹಂತದಲ್ಲೇ ಇದೆ. ಕಚ್ಚಾ ತೈಲದಲ್ಲಿ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೊಕಾರ್ಬನ್ ಎಂಬ ಗುಂಪಿನ ರಾಸಾಯನಿಕಗಳಿರುತ್ತವೆ, ಅವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕ. ಸರಿಯಾಗಿ ಶುದ್ಧೀಕರಿಸದ ಖನಿಜ ತೈಲಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿಟ್ಟಿದೆ. ಪೂರ್ತಿ ಶುದ್ಧೀಕರಿಸಿದವು ಆ ಪಟ್ಟಿಯಲ್ಲಿಲ್ಲ. ಔಷಧಿ ಮತ್ತು ಸೌಂದರ್ಯವರ್ಧಕಗಳಲ್ಲಿ ಬಳಸುವ ಬಿಳಿ ಪೆಟ್ರೋಲಿಯಂ ಜೆಲ್ಲಿ ಎರಡನೆಯ ಬಗೆಯದು. ಹೆಸರು ದಿನಾಂಕ ಏನೂ ಇಲ್ಲದ ಡಬ್ಬಿಯನ್ನು ಬಿಟ್ಟು, ತಯಾರಕರ ವಿವರ ಇರುವುದನ್ನು ಕೊಳ್ಳಿ ಎಂದು ನಾವು ಹೇಳುವುದು ಈ ಕಾರಣಕ್ಕೆ. ಇನ್ನು ಉಸಿರುಕಟ್ಟುವ ಮಾತು: ನಾವು ಉಸಿರಾಡುವುದು ಶ್ವಾಸಕೋಶದಿಂದ, ಚರ್ಮದ ಜೀವಂತ ಪದರಗಳಿಗೆ ಆಮ್ಲಜನಕ ಹೆಚ್ಚಾಗಿ ತಲುಪುವುದು ರಕ್ತದಿಂದ.

ಜೆಲ್ಲಿ ತಯಾರಾಯಿತು, ಆದರೆ ಕೊಳ್ಳುವವರಿರಲಿಲ್ಲ. ಚೀಸ್‌ಬ್ರೋ ಕುದುರೆಗಾಡಿ ಕಟ್ಟಿಕೊಂಡು ನ್ಯೂಯಾರ್ಕ್ ರಾಜ್ಯದ ಊರೂರು ಸುತ್ತಿದರು. ಜನ ಸೇರಿದ ಕಡೆ ನಿಂತು ತಮ್ಮ ಕೈಯನ್ನು ಆಮ್ಲದಿಂದಲೋ ಬೆಂಕಿಯಿಂದಲೋ ತಾವೇ ಸುಟ್ಟುಕೊಂಡು, ಅದಕ್ಕೆ ಜೆಲ್ಲಿ ಸವರಿ, ಹಿಂದೆ ಇದೇ ರೀತಿ ಮಾಡಿಕೊಂಡು ವಾಸಿಯಾದ ಹಳೆಯ ಕಲೆಗಳನ್ನು ತೋರಿಸುತ್ತಿದ್ದರು. ಡಬ್ಬಿಗಳನ್ನು ಪುಕ್ಕಟೆ ಹಂಚುತ್ತಿದ್ದರು. ಖಾಲಿಯಾದ ಮೇಲೆ ಜನ ಔಷಧಿ ಅಂಗಡಿಗೆ ಹೋಗಿ ಕೇಳತೊಡಗಿದರು, ಅಂಗಡಿಯವರು ತರಿಸತೊಡಗಿದರು.

ಸಂವಹನ ಓದಿದ ನಮಗೆ ಇದು ಇಂದಿನ ಮೊದಲು-ನಂತರ ವಿಡಿಯೋಗಳ ಅಜ್ಜನಂತೆ ಕಾಣುತ್ತದೆ. ಮಾಡಿದವರಿಗೆ ಧೈರ್ಯವಿತ್ತು, ಮೋಸದ ಉದ್ದೇಶವೂ ಇರಲಿಕ್ಕಿಲ್ಲ. ಆದರೆ ಏನೂ ಹಚ್ಚದೆ ಬಿಟ್ಟ ಇನ್ನೊಂದು ಗಾಯ ಪಕ್ಕದಲ್ಲಿ ಇರಲಿಲ್ಲವಲ್ಲ! ಸಣ್ಣ ಸುಟ್ಟಗಾಯ ತನ್ನಷ್ಟಕ್ಕೇ ವಾಸಿಯಾಗುತ್ತದೆ. ಜೆಲ್ಲಿಯಿಂದ ಎಷ್ಟು, ದೇಹದಿಂದ ಎಷ್ಟು ಎಂದು ಆ ಪ್ರದರ್ಶನ ಹೇಳಲಾರದು. ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಚೀಸ್‌ಬ್ರೋ ಮಾಡಿದಂತೆ ಈಗಷ್ಟೇ ಸುಟ್ಟ ಜಾಗಕ್ಕೆ ಜೆಲ್ಲಿ, ಎಣ್ಣೆ, ಬೆಣ್ಣೆ ಏನನ್ನೂ ಹಚ್ಚಬಾರದು. ಮೊದಲು ಹರಿಯುವ ತಂಪು ನೀರಿನ ಕೆಳಗೆ 20 ನಿಮಿಷ ಹಿಡಿಯಬೇಕು.

ವ್ಯಾಸಲೀನ್ ಎಂಬ ಹೆಸರೂ ಅವರದೇ. ಜರ್ಮನ್ ಭಾಷೆಯ ನೀರು, ಗ್ರೀಕಿನ ಎಣ್ಣೆ ಎಂಬ ಪದಗಳನ್ನು ಕೂಡಿಸಿ ಕಟ್ಟಿದ್ದು ಎಂಬ ವಿವರಣೆ ಪ್ರಚಲಿತವಾಗಿದೆ. ಜೆಲ್ಲಿಯಲ್ಲಿ ನೀರಿನ ಹನಿಯೂ ಇಲ್ಲ. ಆದರೂ ಅದು ಕೆಲಸ ಮಾಡುವುದು ನೀರಿನಿಂದಲೇ ಎಂಬುದು ತಿಳಿದದ್ದು ಚೀಸ್‌ಬ್ರೋ ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ.

1952ರಲ್ಲಿ ಅಮೆರಿಕದ ಇರ್ವಿನ್ ಬ್ಲ್ಯಾಂಕ್ ಎಂಬ ವಿಜ್ಞಾನಿ ಅಂಗಾಲಿನ ಜಡ್ಡುಗಟ್ಟಿದ ಚರ್ಮದ ತುಂಡುಗಳ ಮೇಲೆ ಪ್ರಯೋಗ ಮಾಡಿ ಪ್ರಕಟಿಸಿದರು. ಒಣಗಿ ಸೆಟೆದ ತುಂಡನ್ನು ಎಣ್ಣೆಯಲ್ಲಿ ಎಷ್ಟು ನೆನೆಸಿದರೂ ಅದು ಮೆತ್ತಗಾಗಲಿಲ್ಲ, ನೀರು ಸಿಕ್ಕಾಗ ಮಾತ್ರ ಮೆತ್ತಗಾಯಿತು. ಅಂದರೆ ಒಣ ಚರ್ಮಕ್ಕೆ ಕೊರತೆ ಇರುವುದು ಎಣ್ಣೆಯದಲ್ಲ, ನೀರಿನದು. ಚರ್ಮದ ಅತಿ ಹೊರಗಿನ ಪದರ ಇಟ್ಟಿಗೆ ಗೋಡೆಯಂತಿದೆ: ಸತ್ತ ಕೋಶಗಳು ಇಟ್ಟಿಗೆ, ಅವುಗಳ ನಡುವಿನ ಕೊಬ್ಬು ಗಾರೆ. ಒಳಗಿನ ನೀರು ಈ ಗೋಡೆಯ ಮೂಲಕ ಸದಾ ಸ್ವಲ್ಪ ಸ್ವಲ್ಪ ಆವಿಯಾಗುತ್ತಿರುತ್ತದೆ. ವಯಸ್ಸಾದಂತೆ ಗಾರೆ ತೆಳ್ಳಗಾಗುತ್ತದೆ, ಎಣ್ಣೆ ಗ್ರಂಥಿಗಳು ನಿಧಾನವಾಗುತ್ತವೆ, ಬಿರುಕುಬಿಟ್ಟ ಗೋಡೆ ತಾನೇ ರಿಪೇರಿಯಾಗಲು ಹೆಚ್ಚು ದಿನ ಬೇಕಾಗುತ್ತದೆ. ಬಿರುಕಿನಿಂದ ನೀರು ಹೊರಹೋಗುತ್ತದೆ, ಸೋಪು ಮತ್ತು ಸುಗಂಧದ ರಾಸಾಯನಿಕಗಳು ಒಳಬರುತ್ತವೆ. ಒಣ ಚರ್ಮ ಮತ್ತು ಸೂಕ್ಷ್ಮ ಚರ್ಮ ಸಾಮಾನ್ಯವಾಗಿ ಜೋಡಿಯಾಗಿ ಕಾಣಿಸಿಕೊಳ್ಳುವುದು ಹೀಗೆ.

ಈ ಆವಿಯಾಗುವಿಕೆಯನ್ನು ತಡೆಯುವುದರಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸಿದ ಪದಾರ್ಥ ಇನ್ನೂ ಸುಲಭವಾಗಿ ಸಿಗುವುದಿಲ್ಲ. ಚರ್ಮಶಾಸ್ತ್ರದ ಬರಹಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿ ಸುಮಾರು 98%. ಬೇರೆ ಎಣ್ಣೆಗಳದು ಇದಕ್ಕಿಂತ ಬಹಳ ಕಡಿಮೆ. ಅದು ಚರ್ಮದ ಮೇಲೆ ಪ್ಲಾಸ್ಟಿಕ್ ಹಾಳೆಯಂತೆ ಕೂರುತ್ತದೆ ಎಂದೇ ಬಹುಕಾಲ ನಂಬಿದ್ದರು. 1992ರಲ್ಲಿ ಪ್ರಕಟವಾದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಧ್ಯಯನ ಬೇರೆಯದನ್ನೇ ತೋರಿಸಿತು. ಜೆಲ್ಲಿ ಹೊರಪದರದ ಕೋಶಗಳ ಸಂದುಗಳಿಗೆ ಇಳಿಯುತ್ತದೆ, ಗೋಡೆಯ ರಿಪೇರಿಗೆ ಅಡ್ಡಿಯಾಗುವ ಬದಲು ನೆರವಾಗುತ್ತದೆ.

ಟೈಟಸ್‌ವಿಲ್‌ನ ಕೆಲಸಗಾರರ ಗಾಯಗಳ ವಿಷಯವೂ ಹೀಗೆಯೇ ಬಿಡಿಸಿಕೊಂಡಿತು. ಗಾಯವನ್ನು ಒಣಗಲು ಬಿಟ್ಟರೆ ಬೇಗ ಮಾಯುತ್ತದೆ ಎಂಬ ನಂಬಿಕೆ ನಮ್ಮಲ್ಲೂ ಇದೆ. 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಸುಮಾರು ಇಮ್ಮಡಿ ವೇಗದಲ್ಲಿ ಬೆಳೆಯಿತು. 1996ರಲ್ಲಿ ಅಮೆರಿಕದಲ್ಲಿ ಚರ್ಮದ ಸಣ್ಣ ಶಸ್ತ್ರಚಿಕಿತ್ಸೆ ಆದ 900ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬ್ಯಾಸಿಟ್ರಾಸಿನ್ ಎಂಬ ಆ್ಯಂಟಿಬಯಾಟಿಕ್ ಮುಲಾಮು, ಇನ್ನೊಂದಕ್ಕೆ ಬರೀ ಬಿಳಿ ಜೆಲ್ಲಿ ಕೊಟ್ಟು ನೋಡಿದರು. ಸೋಂಕಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮುಲಾಮು ಹಚ್ಚಿದವರಲ್ಲಿ ನಾಲ್ವರಿಗೆ ಅಲರ್ಜಿಯಾಯಿತು, ಜೆಲ್ಲಿಯವರಲ್ಲಿ ಯಾರಿಗೂ ಆಗಲಿಲ್ಲ. ಕುದುರೆಗಾಡಿಯ ಮೇಲೆ ಇಲ್ಲದ ಎರಡನೆಯ ಗಾಯ ಇಲ್ಲಿ ಸಿಕ್ಕಿತು. ಜೆಲ್ಲಿ ರೋಗಾಣು ಕೊಲ್ಲುವುದಿಲ್ಲ, ಚರ್ಮಕ್ಕೆ ಪೋಷಣೆಯನ್ನೂ ಕೊಡುವುದಿಲ್ಲ. ತೇವ ಹೋಗದಂತೆ ತಡೆಯುತ್ತದೆ, ಉಳಿದದ್ದನ್ನು ದೇಹ ಮಾಡಿಕೊಳ್ಳುತ್ತದೆ.

ಹಾಗಿದ್ದರೆ ಒಣ, ಸೂಕ್ಷ್ಮ, ವಯಸ್ಸಾದ ಚರ್ಮಕ್ಕೆ ಇದೊಂದೇ ಸಾಕೆ? ಕೈಕಾಲು, ಹಿಮ್ಮಡಿ, ತುಟಿಗೆ ಬಹುಮಟ್ಟಿಗೆ ಸಾಕು, ಆದರೆ ಹಚ್ಚುವ ಸಮಯ ಮುಖ್ಯ. ಅದು ನೀರು ಕೊಡುವುದಿಲ್ಲವಾದ್ದರಿಂದ ಒಣಗಿದ ಚರ್ಮದ ಮೇಲೆ ಸವರಿದರೆ ಅರ್ಧ ಲಾಭ. ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ, ಟವೆಲ್‌ನಿಂದ ಉಜ್ಜದೆ ಒತ್ತಿಕೊಂಡು, ಮೈ ಇನ್ನೂ ಒದ್ದೆಯಿರುವಾಗಲೇ ತೆಳ್ಳಗೆ ಹಚ್ಚಬೇಕು. ಜಿಗುಟು ಇಷ್ಟವಾಗದವರು, ಸೆಕೆಯ ಊರಿನವರು ಕ್ರೀಮ್ ಕೊಳ್ಳುತ್ತಾರೆ. ಅದರಲ್ಲಿ ನೀರನ್ನು ಹಿಡಿದಿಡುವ ಗ್ಲಿಸರಿನ್ ಅಥವಾ ಯೂರಿಯಾ, ಗಾರೆಗೆ ಹೋಲುವ ಸೆರಮೈಡ್ ಇದ್ದರೆ ಒಳ್ಳೆಯದು. ಯೂರಿಯಾ ಬಿರುಕಿದ್ದ ಕಡೆ ಉರಿಯಬಹುದು. ಕ್ರೀಮ್ ಎಂದರೆ ನೀರಿದೆ ಎಂದರ್ಥ. ನೀರಿದ್ದರೆ ಕೆಡದಂತೆ ಸಂರಕ್ಷಕ ಹಾಕಲೇಬೇಕು, ಜೊತೆಗೆ ಸುಗಂಧವೂ ಸೇರುತ್ತದೆ. ಅಲರ್ಜಿ ಹೆಚ್ಚಾಗಿ ಬರುವುದು ಈ ಎರಡರಿಂದ. ಸುಗಂಧರಹಿತ, ಅಂದರೆ ಫ್ರಾಗ್ರೆನ್ಸ್ ಫ್ರೀ ಎಂದು ಬರೆದಿರುವುದನ್ನು ಆರಿಸಿ. ಅನ್‌ಸೆಂಟೆಡ್ ಎಂದರೆ ವಾಸನೆ ಮುಚ್ಚಲು ಬೇರೆ ಸುಗಂಧ ಹಾಕಿರಲೂಬಹುದು.

ಕೊಬ್ಬರಿ ಎಣ್ಣೆಯ ಬಗ್ಗೆ ಕೇಳುವವರಿದ್ದಾರೆ: ಒಣ ಚರ್ಮದವರ ಮೇಲೆ ನಡೆದ ಒಂದು ಸಣ್ಣ ಪ್ರಯೋಗದಲ್ಲಿ ಅದು ಖನಿಜ ಎಣ್ಣೆಗೆ ಸಮನಾಗಿಯೇ ಕೆಲಸ ಮಾಡಿತು. ಆಲಿವ್ ಎಣ್ಣೆ ಬೇಡ, ಅದರಲ್ಲಿನ ಓಲಿಯಿಕ್ ಆಮ್ಲ ಹೊರಪದರವನ್ನು ಸಡಿಲಗೊಳಿಸುತ್ತದೆ.

ಸುಕ್ಕಿನ ಮಾತು ಮಾತ್ರ ನಿಲ್ಲುವುದಿಲ್ಲ. ಒಣಗಿದ್ದರಿಂದ ಕಾಣುವ ಸಣ್ಣ ಗೆರೆಗಳು ತೇವದಿಂದ ಕೆಲವು ಗಂಟೆ ಮಸುಕಾಗುತ್ತವೆ, ಅಷ್ಟೇ. ಆಳದ ಸುಕ್ಕಿಗೆ ದೊಡ್ಡ ಕಾರಣ ಬಿಸಿಲು, ಜೆಲ್ಲಿ ಅದರಿಂದ ಕಾಯುವುದಿಲ್ಲ. ಇನ್ನೊಂದು ವಿಷಯ ಮನೆಯ ಹಿರಿಯರಿಗೆ ಹೇಳಿ: ದಿನವೂ ಜೆಲ್ಲಿ ಹಚ್ಚುವವರ ಬಟ್ಟೆ, ಹಾಸಿಗೆಗೆ ಅದು ಇಂಗಿದ್ದರೆ ಕಿಡಿ ತಾಗಿದಾಗ ಬೇಗ ಹೊತ್ತಿ ಉರಿಯುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿದೆ. ಬೀಡಿ, ದೀಪ, ಒಲೆಯ ಹತ್ತಿರ ಜೋಪಾನ. ಎರಡು ಮೂರು ವಾರ ಸರಿಯಾಗಿ ಹಚ್ಚಿದರೂ ತುರಿಕೆ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ವಯಸ್ಸಾದವರಲ್ಲಿ ತುರಿಕೆಗೆ ಥೈರಾಯ್ಡ್, ಮೂತ್ರಪಿಂಡ, ಪಿತ್ತಕೋಶದ ತೊಂದರೆಗಳೂ ಕಾರಣವಿರಬಹುದು.

ಚೀಸ್‌ಬ್ರೋ ಇಷ್ಟಕ್ಕೇ ನಿಲ್ಲುವ ಮನುಷ್ಯ ಆಗಿರಲಿಲ್ಲ. 1881ರಲ್ಲಿ ಅವರ ಕಂಪನಿ ತೈಲದ ದೈತ್ಯ ಸ್ಟ್ಯಾಂಡರ್ಡ್ ಆಯಿಲ್‌ನ ತೆಕ್ಕೆಗೆ ಸೇರಿತು, 1911ರಲ್ಲಿ ಸುಪ್ರೀಂ ಕೋರ್ಟ್ ಆ ದೈತ್ಯನನ್ನು ಒಡೆದಾಗ ಮತ್ತೆ ಬೇರೆಯಾಯಿತು. ಐವತ್ತರ ವಯಸ್ಸಿನಲ್ಲಿ ಎದೆಯ ಪೊರೆ ಊತ ಬಂದು ಮಲಗಿದಾಗ ದಾದಿಯಿಂದ ಮೈತುಂಬ ಜೆಲ್ಲಿ ತಿಕ್ಕಿಸಿಕೊಂಡರೆಂದೂ, ದಿನಕ್ಕೊಂದು ಚಮಚ ತಿನ್ನುತ್ತಿದ್ದರೆಂದೂ ಅವರ ಬಗ್ಗೆ ಬರೆದವರು ಹೇಳುತ್ತಾರೆ. ತಮ್ಮ ದೀರ್ಘಾಯುಷ್ಯಕ್ಕೆ ಅದೇ ಕಾರಣವೆಂದು ನಂಬಿದ್ದರಂತೆ. 1933ರ ಸೆಪ್ಟೆಂಬರ್ 8ರಂದು ನ್ಯೂಜೆರ್ಸಿಯಲ್ಲಿ ತೀರಿಕೊಂಡಾಗ ಅವರಿಗೆ 96 ವರ್ಷ. ಜೆಲ್ಲಿ ತಿಂದು ಆಯುಸ್ಸು ಹೆಚ್ಚುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ, ಅದು ಜೀರ್ಣವೂ ಆಗುವುದಿಲ್ಲ. ಮೂಗು ಒಣಗಿತೆಂದು ಮೂಗಿನ ಒಳಗೆ ತಿಂಗಳುಗಟ್ಟಲೆ ಹಚ್ಚುವುದೂ ಒಳ್ಳೆಯದಲ್ಲ. ಅಪರೂಪಕ್ಕಾದರೂ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಲ್ಲದು.

1987ರಿಂದ ಈ ಬ್ರಾಂಡ್ ಯೂನಿಲಿವರ್ ಕಂಪನಿಯದು. ಭಾರತದಲ್ಲಿ ಮಾರುವುದು ಹಿಂದುಸ್ತಾನ್ ಯೂನಿಲಿವರ್. ಅದೇ ಹೆಸರಿನಲ್ಲಿ ಈಗ ಸುಗಂಧ ಹಾಕಿದ ಲೋಷನ್‌ಗಳೂ ಬರುತ್ತವೆ. ಜೆಲ್ಲಿಯೇ ಬೇಕಿದ್ದರೆ ಡಬ್ಬಿ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ಅದರಲ್ಲಿ ಪೆಟ್ರೋಲೇಟಂ ಎಂಬ ಒಂದೇ ಹೆಸರಿದ್ದರೆ ಅದು ಚೀಸ್‌ಬ್ರೋ ಇದ್ದಿಲಿನಲ್ಲಿ ಸೋಸಿದ ಆ ಹಳೆಯ ಪದಾರ್ಥವೇ.