ಸೆರ್ಗೈ ವಿನೊಗ್ರಾಡ್‌ಸ್ಕಿ: ಮಣ್ಣಿನ ಜೀವಿಗಳ ಆಹಾರ ಹುಡುಕಿದವರು

ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುವಾಗ ಕಪ್ಪುಹಲಗೆಯ ಮೇಲೆ ಎರಡೇ ಅಂಕಣ ಹಾಕಿದ್ದೆ: ಬೆಳಕಿನಿಂದ ಆಹಾರ ತಯಾರಿಸುವವು, ಬೇರೆ ಜೀವಿಗಳನ್ನೋ ಅವುಗಳ ಅವಶೇಷಗಳನ್ನೋ ಅವಲಂಬಿಸಿದವು. ಬೆಳಕೇ ಬೀಳದ ಮಣ್ಣಿನಲ್ಲಿ ಅಮೋನಿಯವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಯಾವ ಅಂಕಣಕ್ಕೆ ಸೇರುತ್ತದೆ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಎರಡನೆಯದಕ್ಕೆ ಎಂದೆ. ಉತ್ತರ ತಪ್ಪಾಗಿತ್ತು. ಸರಿಯಾದ ಉತ್ತರ ಹುಡುಕಿ ಕೊಟ್ಟವರ ಬದುಕನ್ನು ಆ ಸಂಜೆ ಓದಿದೆ.

ವಿನೊಗ್ರಾಡ್‌ಸ್ಕಿ ಹುಟ್ಟಿದ್ದು 1856ರಲ್ಲಿ, ಕೀವ್ ನಗರದ ಸ್ಥಿತಿವಂತ ಮನೆಯಲ್ಲಿ. ಮೊದಲು ಕಾನೂನು ಓದಲು ಹೋದರು, ಹಿಡಿಸಲಿಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪಿಯಾನೊ ಕಲಿತರು, ಅದನ್ನೂ ಬಿಟ್ಟರು. 1877ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಹಿಡಿದ ಮೇಲೆ ಮನಸ್ಸು ನಿಂತಿತು. (ಬಿ.ಇಡಿ.ಗೆ ಬರುವ ಮುಂಚೆ ಎರಡು ಕಡೆ ಅಲೆದ ನನಗೆ ಇದನ್ನು ಓದಿ ಸಮಾಧಾನವಾಯಿತು.)

1885ರಲ್ಲಿ ಅವರು ಸ್ಟ್ರಾಸ್‌ಬರ್ಗ್‌ಗೆ ಹೋಗಿ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ ಅವರ ಪ್ರಯೋಗಾಲಯ ಸೇರಿದರು. ಗಂಧಕದ ಬುಗ್ಗೆಗಳಲ್ಲಿ ಬಿಳಿ ನೂಲಿನಂತೆ ಬೆಳೆಯುವ ಬೆಜಿಯಟೋವ ಎಂಬ ಬ್ಯಾಕ್ಟೀರಿಯಾದ ಒಳಗೆ ಗಂಧಕದ ಹನಿಗಳು ಏಕಿರುತ್ತವೆ ಎಂಬುದು ಅವರ ಪ್ರಶ್ನೆ. ಎಳೆಗಳನ್ನು ಸ್ಲೈಡಿನ ಮೇಲಿಟ್ಟು, ನೀರು ಬದಲಿಸುತ್ತ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕುಳಿತರು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇದ್ದ ನೀರು ಕೊಟ್ಟಾಗ ಹನಿಗಳು ತುಂಬಿಕೊಂಡವು. ಅದಿಲ್ಲದ ನೀರಿನಲ್ಲಿ ಕರಗಿಹೋದವು. ಆ ಅನಿಲವನ್ನು ಗಂಧಕವಾಗಿ, ಗಂಧಕವನ್ನು ಸಲ್ಫೇಟ್ ಆಗಿ ಉತ್ಕರ್ಷಿಸಿ ಈ ಜೀವಿ ಶಕ್ತಿ ಪಡೆಯುತ್ತದೆ ಎಂದು 1887ರಲ್ಲಿ ಪ್ರಕಟಿಸಿದರು. ನಿರ್ಜೀವ ವಸ್ತುವೇ ಉರುವಲು! ಜೀವಶಾಸ್ತ್ರಕ್ಕೆ ಅದು ತೀರ ಹೊಸ ಮಾತು.

ಮರುವರ್ಷ ಡಿ ಬಾರಿ ತೀರಿಕೊಂಡರು. ವಿನೊಗ್ರಾಡ್‌ಸ್ಕಿ ಜ್ಯೂರಿಕ್‌ಗೆ ಹೋಗಿ ನೈಟ್ರೀಕರಣವನ್ನು ಕೈಗೆತ್ತಿಕೊಂಡರು. ಅದು ಜೀವಿಗಳ ಕೆಲಸವೆಂದು ಶ್ಲೋಸಿಂಗ್ ಮತ್ತು ಮ್ಯುಂಟ್ಸ್ 1877ರಲ್ಲೇ ತೋರಿಸಿದ್ದರು. ಆದರೆ ಆ ಜೀವಿಯನ್ನು ಬೇರ್ಪಡಿಸುವುದು ಸಾಧ್ಯವಾಗಿರಲಿಲ್ಲ. ಎಲ್ಲರೂ ಜೆಲಟಿನ್‌ನಂಥ ಪುಷ್ಟಿಕರ ಮಾಧ್ಯಮದಲ್ಲಿ ಬೆಳೆಸಲು ನೋಡುತ್ತಿದ್ದರು. ಅಲ್ಲಿ ಬೆಳೆಯುತ್ತಿದ್ದವು ಬೇರೆ ಬ್ಯಾಕ್ಟೀರಿಯಾಗಳು. ವಿನೊಗ್ರಾಡ್‌ಸ್ಕಿ ಸಾವಯವ ಆಹಾರವನ್ನೇ ತೆಗೆದುಹಾಕಿ, ಅಮೋನಿಯಂ ಲವಣ ಮತ್ತು ಖನಿಜಗಳನ್ನು ಮಾತ್ರ ಕೊಟ್ಟರು. ಆಮೇಲೂ ಉಳಿದ ಕಲಬೆರಕೆಯನ್ನು ನೀಗಲು ಅವರು ಹೂಡಿದ ಉಪಾಯ ನನಗೆ ಬಹಳ ಇಷ್ಟ: ಜೆಲಟಿನ್ ಮೇಲೆ ಹರಡಿ, ಏನೂ ಬೆಳೆಯದ ಜಾಗದಿಂದ ಮಾದರಿ ತೆಗೆದರು. ಅವರಿಗೆ ಬೇಕಾದ ಜೀವಿ ಜೆಲಟಿನ್ ಮೇಲೆ ಬೆಳೆಯುವುದಿಲ್ಲವಲ್ಲ.

1890ರಿಂದ ಬಂದ ಲೇಖನಗಳಲ್ಲಿ ಅವರು ಕೆಲಸ ಎರಡು ಹಂತದಲ್ಲಿ ನಡೆಯುತ್ತದೆಂದು ತೋರಿಸಿದರು. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲನೆಯದರ ತ್ಯಾಜ್ಯವೇ ಎರಡನೆಯದರ ಇಂಧನ. ಇಂಗಾಲ ಮಾತ್ರ ಕಾರ್ಬನ್ ಡೈಆಕ್ಸೈಡ್‌ನಿಂದ ಬರುತ್ತದೆ. ಒಂದು ಪಾಲು ಇಂಗಾಲ ಕೂಡಿಸಿಕೊಳ್ಳಲು ಸುಮಾರು 35 ಪಾಲು ನೈಟ್ರೋಜನ್ ಉತ್ಕರ್ಷಣವಾಗಬೇಕು ಎಂದು ಅಳೆದರು. ಇವು ಇಷ್ಟು ನಿಧಾನ ಬೆಳೆಯುವುದೇಕೆ ಎಂಬುದು ಆ ಲೆಕ್ಕದಲ್ಲೇ ಇದೆ.

ಸೇಂಟ್ ಪೀಟರ್ಸ್‌ಬರ್ಗ್‌ಗೆ ಮರಳಿ, ಗಾಳಿಯ ನೈಟ್ರೋಜನ್ ಸ್ಥಿರೀಕರಿಸುವ ಕ್ಲಾಸ್ಟ್ರಿಡಿಯಂ ಒಂದನ್ನು ಬೇರ್ಪಡಿಸಿದರು. ಆಮೇಲೆ ಆರೋಗ್ಯ ಕೆಟ್ಟಿತು. ಪ್ರಯೋಗಾಲಯ ಬಿಟ್ಟು ಉಕ್ರೇನಿನ ತಮ್ಮ ಜಮೀನಿನಲ್ಲಿ ನೆಲೆಸಿದರು. ಕ್ರಾಂತಿ ಬಂದಾಗ ಅದೂ ಹೋಯಿತು. ದೇಶ ಬಿಟ್ಟು ಬೆಲ್‌ಗ್ರೇಡ್‌ನಲ್ಲಿ ಪ್ರಾಧ್ಯಾಪಕರಾದರು. 1922ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಎಮಿಲ್ ರೂ ಕರೆದಾಗ ಅವರ ವಯಸ್ಸು 66ರ ಆಸುಪಾಸು.

ಬ್ರೀ-ಕಾಂತ್-ರಾಬೆರ್ ಊರಿನಲ್ಲಿ ಮತ್ತೆ ಮಣ್ಣು ಕೈಗೆತ್ತಿಕೊಂಡರು. ಬಾಟಲಿಯಲ್ಲಿ ಒಂಟಿಯಾಗಿ ಬೆಳೆದ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಹಾಗೆಯೇ ವರ್ತಿಸುತ್ತದೆಂದು ನಂಬಬಾರದು ಎಂಬುದು ಅವರ ಹಟ. ಎಲೆ, ಗೊಬ್ಬರ ಬಿದ್ದೊಡನೆ ಥಟ್ಟನೆ ಹೆಚ್ಚಿ ಮತ್ತೆ ಇಳಿಯುವ ಗುಂಪು ಒಂದು, ಅಂಥ ಏರಿಳಿತವಿಲ್ಲದೆ ಸದಾ ಇರುವ ಗುಂಪು ಇನ್ನೊಂದು ಎಂದು ವಿಂಗಡಿಸಿದರು. 1949ರಲ್ಲಿ ತಮ್ಮ ಲೇಖನಗಳನ್ನೆಲ್ಲ ದೊಡ್ಡ ಗ್ರಂಥವಾಗಿ ಹೊರತಂದರು. 1953ರ ಫೆಬ್ರುವರಿಯಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು.

ಮರುದಿನ ತರಗತಿಯಲ್ಲಿ ನನ್ನ ತಪ್ಪು ಹೇಳಿ ಮೂರನೇ ಅಂಕಣ ಹಾಕಿದೆ. ಅವರ ಹೆಸರಿನ ಸ್ತಂಭವನ್ನೂ ಮಕ್ಕಳೊಂದಿಗೆ ಕಟ್ಟಿದೆ: ಪಾರದರ್ಶಕ ಬಾಟಲಿ, ಕೆರೆಯ ಕೆಸರು, ಹರಿದ ಕಾಗದ, ಮೊಟ್ಟೆಯ ಹಳದಿ, ಮೇಲೆ ಕೆರೆಯ ನೀರು. ಬಣ್ಣದ ಪದರಗಳು ಮೂಡಲು ವಾರಗಳೇ ಬೇಕು. ನನ್ನ ಅಭ್ಯಾಸ ಬೋಧನೆ ಅಷ್ಟರಲ್ಲಿ ಮುಗಿಯುತ್ತದೆ. ಬಾಟಲಿ ಕಿಟಕಿಯ ಪಕ್ಕದಲ್ಲಿದೆ, ಪ್ರಶ್ನೆ ಕೇಳಿದವಳೇ ನೋಡಿಕೊಳ್ಳುತ್ತಿದ್ದಾಳೆ.